ಅಮ್ಮನ ಪಕ್ಕದ ಆರಡಿ

ಹೆಣವಾಗಿ ಬರುವವರನ್ನು ಕಂಡರೆ ಫ್ರೇಹಾಗೆ ಮೈಯೆಲ್ಲ ಉರಿಯುತ್ತಿತ್ತು. ಹೆಣದ ಮೇಲೆ ಅಂತಲ್ಲ. ಹೆಣ ತೊಳೆಯುವುದೇ ಅವಳ ಕೆಲಸ. ಜೆರುಸಲೇಮಿನ ಪಶ್ಚಿಮದ ಗುಡ್ಡದ ಸ್ಮಶಾನದಲ್ಲಿ ಮೂವತ್ತೆಂಟು ವರ್ಷದಿಂದ ಸತ್ತ ಹೆಂಗಸರಿಗೆ ನೀರು ಹಾಕಿ, ಬಿಳಿ ಬಟ್ಟೆ ಉಡಿಸಿ ಕಳಿಸುತ್ತಿದ್ದವಳು ಅವಳೇ. ಇಲ್ಲೇ ಬದುಕಿ ಇಲ್ಲೇ ಸತ್ತವಳು ಎಷ್ಟೇ ಬಡವಿಯಾಗಿರಲಿ, ಎಂಥ ಬಜಾರಿಯೇ ಆಗಿರಲಿ, ಫ್ರೇಹಾ ಅವಳ ತಲೆಕೂದಲ ಸಿಕ್ಕನ್ನು ಸ್ವಂತ ಮಗಳಿಗೆ ಬಿಡಿಸುವ ಹಾಗೆ ಬಿಡಿಸುತ್ತಿದ್ದಳು. ಉರಿಯೆಲ್ಲ ವಿಮಾನದಲ್ಲಿ ಬರುವವರ ಮೇಲೆ.

ಅವರ ಜಾತಕ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಜೀವಮಾನವೆಲ್ಲ ಪ್ಯಾರಿಸ್ಸಿನಲ್ಲೋ ಮಾಂಟ್ರಿಯಲ್ಲಿನಲ್ಲೋ ತಿಂದು ತೇಗಿದವರು. ಯೆಹೂದಿಗಳ ಪಸ್ಕಾ ಹಬ್ಬದ ಊಟ ಮುಗಿಸಿ, ಬಾಯಿ ಒರೆಸಿಕೊಳ್ಳುತ್ತಾ ‘ಬರುವ ವರ್ಷ ಜೆರುಸಲೇಮಿನಲ್ಲಿ’ ಅಂತ ರಾಗವಾಗಿ ಹಾಡಿ, ಹಬ್ಬ ಕಳೆದ ಮೇಲೆ ಎಂದಿನಂತೆ ಅಂಗಡಿ ಬಾಗಿಲು ತೆಗೆದವರು. ಹೀಗೆ ಅರವತ್ತು ಹಬ್ಬ ಕಳೆದು, ಎದೆಯಲ್ಲಿ ಚಳುಕು ಹೊಡೆದಾಗ ಒಮ್ಮೆಲೇ ಈ ನೆಲದ ಪಾವಿತ್ರ್ಯ ನೆನಪಾಗುತ್ತದೆ. ಇಲ್ಲಿ ಹೂತವರು ದೇವಾಲಯದ ಬಲಿಪೀಠದ ಬುಡದಲ್ಲಿ ಮಲಗಿದ ಹಾಗೆ, ಈ ಮಣ್ಣು ಮುಟ್ಟಿದರೆ ಸಾಕು ಪಾಪ ಕಳೆಯುತ್ತದೆ ಅಂತ ಹಿರಿಯರ ಮಾತು. ಹೊರಗೆ ಹೂತವರ ಗತಿ ಬೇರೆ. ಸತ್ತವರೆಲ್ಲ ಏಳುವ ದಿನ ಅವರು ನೆಲದೊಳಗಿನ ಬಿಲಗಳಲ್ಲಿ ಉರುಳುರುಳಿ, ಮೂಳೆ ಮುರಿದುಕೊಂಡು ಇಲ್ಲಿಯತನಕ ಬರಬೇಕಂತೆ. ಆ ಉರುಳಾಟ ತಪ್ಪಿಸಿಕೊಳ್ಳುವುದಕ್ಕೆ ಹಿತ್ತಾಳೆ ಹಿಡಿಯ ಪೆಟ್ಟಿಗೆ, ವಿಮಾನದ ಸರಕಿನ ಗೂಡಿನಲ್ಲಿ ಒಂದು ಜಾಗ.

“ಬದುಕಿದ್ದಾಗ ನೆಲ ಗುಡಿಸೋಕೆ ಬರ್ಲಿಲ್ಲ, ಸತ್ತ ಮೇಲೆ ಹಾಸಿಗೆ ಹಾಸಿಸ್ಕೊಳ್ಳೋಕೆ ಬಂದ್ರು,” ಅಂತ ಪೆಟ್ಟಿಗೆ ಬಂದಾಗಲೆಲ್ಲ ಹೇಳುವಳು. ಸ್ಮಶಾನದ ಮೇಸ್ತ್ರಿ ಮಕ್ಲೂಫ್ ಆ ಮಾತನ್ನು ಎಷ್ಟು ಸಲ ಕೇಳಿದ್ದನೆಂದರೆ, ಲಾರಿ ಬಂದು ನಿಂತರೆ ಅವನೇ ಅವಳಿಗಿಂತ ಮುಂಚೆ ಹೇಳಿ ನಗುತ್ತಿದ್ದ.

ಅವಳಿಗೆ ಒಂದೇ ಒಂದು ಸಮಾಧಾನವಿತ್ತು. ಗುಡ್ಡದ ಮೇಲೆ ನೆಲ ಮುಗಿದುಹೋಗಿತ್ತು. ಈಗ ಬರುವವರಿಗೆಲ್ಲ ಕಾಂಕ್ರೀಟಿನ ಗೋಡೆ, ಗೋಡೆಯಲ್ಲಿ ಅಂತಸ್ತಿನ ಮೇಲೆ ಅಂತಸ್ತು ಗೂಡು, ಗೂಡಿನೊಳಗೆ ಶಾಸ್ತ್ರಕ್ಕೆ ಎರಡು ಬುಟ್ಟಿ ಮಣ್ಣು. ಪುಣ್ಯಭೂಮಿಗೆ ಅಂತ ಸಮುದ್ರ ದಾಟಿ ಬಂದವರು ಕಾರು ನಿಲ್ಲಿಸುವ ಕಟ್ಟಡದಂಥದರಲ್ಲಿ ಮೂರನೇ ಮಹಡಿ ಹತ್ತುವುದನ್ನು ನೋಡಿದರೆ ಅವಳ ಹೊಟ್ಟೆ ತಣ್ಣಗಾಗುತ್ತಿತ್ತು. ಸರಿಯಾಗಿ ಆಯಿತು ಬೋಳಿಮಕ್ಕಳಿಗೆ, ಅಂತ ಮನಸ್ಸಿನಲ್ಲೇ ಅಂದುಕೊಳ್ಳುವಳು.

ಯಾಕೆಂದರೆ ಅವಳಿಗೆ ನೆಲ ಇತ್ತು. ಹಳೇ ಭಾಗದಲ್ಲಿ, ಪೈನ್ ಮರದ ಕೆಳಗೆ, ಅಮ್ಮ ಇತೋಳ ಸಮಾಧಿಯ ಬಲಕ್ಕೆ ಆರಡಿ ಉದ್ದ, ಎರಡೂವರೆ ಅಡಿ ಅಗಲ. ಮೂವತ್ತಾರು ವರ್ಷದ ಹಿಂದೆ ಅಮ್ಮ ತೀರಿಕೊಂಡಾಗಲೇ ಅದನ್ನು ತನ್ನ ಹೆಸರಿಗೆ ಬರೆಸಿಕೊಂಡಿದ್ದಳು. ಮದುವೆಯಾಗಲಿಲ್ಲ, ಮಕ್ಕಳಿಲ್ಲ, ಸರ್ಕಾರ ಕೊಟ್ಟ ಎರಡು ಕೋಣೆಯ ಮನೆ ಅವಳ ನಂತರ ಇನ್ಯಾರಿಗೋ. ಇಡೀ ದೇವರ ನಾಡಿನಲ್ಲಿ ತನ್ನದು ಅಂತ ಇದ್ದದ್ದು ಆ ಆರಡಿ. ಪ್ರತಿ ಶುಕ್ರವಾರ ಬೆಳಿಗ್ಗೆ ಹೋಗಿ ಅಲ್ಲಿನ ಹುಲ್ಲು ಕಿತ್ತು, ಅಂಗಳಕ್ಕೆ ಚಿಮುಕಿಸುವ ಹಾಗೆ ನೀರು ಚಿಮುಕಿಸಿ ಬರುತ್ತಿದ್ದಳು.

ಆ ಬುಧವಾರ ಬೆಳಿಗ್ಗೆ ಲಾರಿಯಲ್ಲಿ ಬಂದ ಪೆಟ್ಟಿಗೆಯ ಚೀಟಿ ಓದಿ ಮಕ್ಲೂಫ್ ತಮಾಷೆ ಮಾಡಲಿಲ್ಲ. ಚೀಟಿಯಲ್ಲಿ ‘ಇತೋ ಮಗಳು ತಾಮೋ, ಸೆಫ್ರೂ, ಮೊರಾಕ್ಕೋ’ ಅಂತ ಇತ್ತು. ಇತೋಗೆ ಎಷ್ಟು ಜನ ಹೆಣ್ಣುಮಕ್ಕಳು ಅನ್ನುವುದು ಅವನಿಗೂ ಗೊತ್ತಿತ್ತು.

ತಾಮೋ ಅಂದರೆ ಫ್ರೇಹಾಳ ಅಕ್ಕ, ಒಂಬತ್ತು ವರ್ಷಕ್ಕೆ ದೊಡ್ಡವಳು. ಐವತ್ತೈದು ವರ್ಷದ ಹಿಂದೆ ಸೆಫ್ರೂ ಊರಿನಿಂದ ಯೆಹೂದಿಗಳೆಲ್ಲ ಗಂಟುಮೂಟೆ ಕಟ್ಟುತ್ತಿದ್ದಾಗ, ಕುದುರೆಯ ಜೀನು ಹೊಲಿಯುತ್ತಿದ್ದ ಅಪ್ಪ ಮೀಮೂನ್ ಕೂಡ ಮನೆ ಸಾಮಾನು ಮಾರಿ, ಹೊರಡುವ ಪಟ್ಟಿಗೆ ಹೆಸರು ಬರೆಸಿದ. ಇನ್ನೇನು ಹೊರಡಬೇಕು, ಎಂಟು ದಿನ ಮುಂಚೆ ಜ್ವರ ಬಂದು ಸತ್ತ. ಅಲ್ಲೇ ಹೂತರು. ಏಳು ದಿನದ ಸೂತಕ ಮುಗಿದ ಮರುದಿನ ಬಂದರಿಗೆ ಬಸ್ಸು. ಅದು ತಪ್ಪಿದರೆ ಮತ್ತೆ ಸರದಿ ಬರುತ್ತದೋ ಇಲ್ಲವೋ ಅಂತ ಅಮ್ಮ ಹದಿನೈದು ವರ್ಷದ ಫ್ರೇಹಾಳನ್ನು ಎಳೆದುಕೊಂಡು ಹತ್ತಿಬಿಟ್ಟಳು. ಆ ಊರಲ್ಲೇ ರೊಟ್ಟಿ ಸುಡುವವನನ್ನು ಮದುವೆಯಾಗಿದ್ದ ತಾಮೋ ಕಿಟಕಿಯ ಕೆಳಗೆ ನಿಂತು, ಅಪ್ಪನ ವರ್ಷ ಕಳೆದು ಸಮಾಧಿಗೆ ಕಲ್ಲು ನಿಲ್ಲಿಸಿದ ಮೇಲೆ ನಾವೂ ಬಂದುಬಿಡುತ್ತೇವೆ ಅಂದಳು.

ವರ್ಷ ಕಳೆಯಿತು, ಕಲ್ಲು ನಿಂತಿತು. ತಾಮೋ ಬರಲಿಲ್ಲ. ಮೊದಲು ನೇರ ಅಂಚೆ ಇಲ್ಲದೆ ಪ್ಯಾರಿಸ್ ಸುತ್ತಿಕೊಂಡು ಕಾಗದ ಬರುತ್ತಿತ್ತು, ಆಮೇಲೆ ಫೋನು. ಈ ವರ್ಷ ಗಂಡನಿಗೆ ಮೈ ಸರಿಯಿಲ್ಲ, ಮುಂದಿನ ವರ್ಷ. ಈ ವರ್ಷ ಸಮಾಧಿಗಳ ಗೋಡೆ ಬಿದ್ದಿದೆ, ಕಟ್ಟಿಸಿ ಬರುತ್ತೇನೆ. ಗಂಡ ಸತ್ತ, ಮಗ ಫ್ರಾನ್ಸಿಗೆ ಹೋದ, ಆಗಲೂ ಮುಂದಿನ ವರ್ಷ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇತ್ತ ಅಮ್ಮ ಕಚೇರಿಗಳ ನೆಲ ಒರೆಸಿ ಮಂಡಿ ಸವೆಸಿಕೊಂಡು, ಕೊನೆಯ ಮೂರು ದಿನ ಬಾಗಿಲ ಕಡೆಗೇ ಕಣ್ಣು ನೆಟ್ಟು ಸತ್ತಳು. ಅದನ್ನು ಫ್ರೇಹಾ ಮರೆಯಲಿಲ್ಲ, ಕ್ಷಮಿಸಲೂ ಇಲ್ಲ. ಅಕ್ಕ ಅಂದರೆ ಅವಳ ಕಣ್ಣಿಗೆ ಕಟ್ಟುತ್ತಿದ್ದದ್ದು ಹಳೇ ಮನೆಯ ಅಂಗಳ, ಮೆತ್ತನೆ ದಿಂಬು, ಪುದೀನ ಹಾಕಿದ ಚಹಾ, ಗೋರಂಟಿ ಹಚ್ಚಿದ ನುಣುಪು ಕೈ.

ಹಿಂದಿನ ಪಸ್ಕಾ ಹಬ್ಬದ ಮುನ್ನಾದಿನ ಫೋನಿನಲ್ಲಿ ಕೊನೆಯ ಸಲ ಮಾತಾಡಿದ್ದರು. ಅಲ್ಲೇ ಸಾಯಿ, ಇಲಿಯ ಹಾಗೆ ಬಿಲದಲ್ಲಿ ಉರುಳಿಕೊಂಡು ಬಾ ಅಂತ ಫ್ರೇಹಾ ಎಂದಿನಂತೆ ಬೈದಳು. ತಾಮೋ ನಕ್ಕು, “ಉರುಳ್ತೀನಿ ಬಿಡೇ, ನಮ್ಮೂರು ಗುಡ್ಡದ ಮೇಲಿದೆ, ಇಳಿಜಾರು ತಾನೆ,” ಅಂದಳು. ಆ ನಗು ಫ್ರೇಹಾಗೆ ಎಲ್ಲಿ ಚುಚ್ಚಿತೋ.

“ಬರೋದಾದ್ರೆ ಉಸಿರಿದ್ದಾಗ ಬಾ. ಹೆಣವಾಗಿ ಮಾತ್ರ ಬರ್ಬೇಡ. ಹೆಣಕ್ಕೆ ನನ್ ಹತ್ರ ಜಾಗ ಇಲ್ಲ,” ಅಂದು ಫೋನಿಟ್ಟಿದ್ದಳು.

ಈಗ ಹೆಣವಾಗಿಯೇ ಬಂದಿದ್ದಳು. ಜೊತೆಗೆ ಮಗ ಆರ್ಮಾನ್, ಐವತ್ತು ದಾಟಿದ ದಪ್ಪ ಆಳು. ತಾಯಿ ಸತ್ತರೆ ಮಗ ಎದೆಯ ಮೇಲಿನ ಅಂಗಿ ಹರಿದುಕೊಳ್ಳಬೇಕು. ಆ ಮಹಾಶಯ ಹರಿಯುವುದಕ್ಕೆಂದೇ ವಿಮಾನ ನಿಲ್ದಾಣದಲ್ಲಿ ಅಗ್ಗದ ಬನಿಯನ್ನೊಂದನ್ನು ಕೊಂಡು ಹಾಕಿಕೊಂಡಿದ್ದ. ಒಳ್ಳೆ ಕೋಟು ಮಡಿಸಿ ತೋಳಿನ ಮೇಲಿತ್ತು. ಇಂಥ ಮಗನನ್ನು ಹೆತ್ತದ್ದಕ್ಕೆ ಸಾರ್ಥಕವಾಯಿತು ಅಂತ ಫ್ರೇಹಾ ಆ ಕೋಟನ್ನೇ ನೋಡುತ್ತಾ ನಿಂತಳು.

ಅವನು ಬಂದವನೇ ಅವಳ ಕೈಗೆ ಮುತ್ತಿಟ್ಟ. ಅಮ್ಮ ಎಂಥ ದೊಡ್ಡ ಮನಸ್ಸಿನವಳು, ಈ ನೆಲದ ಮೇಲೆ ಅವಳಿಗೆ ಎಂಥ ಪ್ರೀತಿ ಅಂತ ಶುರುಮಾಡಿದ. ಸತ್ತ ಎಮ್ಮೆಗೆ ಸೇರು ಹಾಲು ಅಂತ ಫ್ರೇಹಾ ಮುಖ ತಿರುಗಿಸಿದಳು. ಆಮೇಲೆ ಅವನು ಕೆಮ್ಮಿ, ಗಂಟಲು ಸರಿಮಾಡಿಕೊಂಡು, ಅಸಲು ಮಾತಿಗೆ ಬಂದ.

“ಚಿಕ್ಕಮ್ಮ, ಅಜ್ಜಿ ಪಕ್ಕ ಒಂದು ಜಾಗ ಇದೆಯಂತಲ್ಲ. ಅಮ್ಮನ್ನ ಅಲ್ಲಿ ಇಡೋದಕ್ಕೆ ಆಗುತ್ತಾ?”

“ಆ ಜಾಗಕ್ಕೆ ಜನ ಇದಾರೆ,” ಅಂದಳು ಫ್ರೇಹಾ.

“ಯಾರು?”

“ನಾನು.”

ಅವನು ಕೆಂಪಾದ. ಮಕ್ಲೂಫ್ ಕೈಯಲ್ಲಿದ್ದ ಕಾಗದ ನೋಡುತ್ತಾ, ಹಾಗಾದರೆ ಗೋಡೆ ಅಂತ ಬರೆಯಲೇ, ಮೂರನೇ ಅಂತಸ್ತಿನಲ್ಲಿ ಒಂದು ಗೂಡು ಖಾಲಿ ಇದೆ ಅಂದ. ಬರಿ ಅಂದಳು ಫ್ರೇಹಾ. ಬದುಕಿದ್ದಾಗ ಮೆತ್ತೆ ಬಿಟ್ಟು ಏಳದವಳು ಈಗ ಕಾಂಕ್ರೀಟಿನ ಮೇಲೆ ಬೆನ್ನು ನೀಡಲಿ, ಅಮ್ಮನ ಪಕ್ಕ ಮಲಗುವ ಯೋಗ್ಯತೆ ನೆಲ ಒರೆಸಿದವರಿಗೆ, ಅಂತ ಅಲ್ಲೇ ಕೇಳಿಸುವ ಹಾಗೆ ಗೊಣಗಿದಳು. ಆರ್ಮಾನ್ ಏನೋ ಹೇಳಲು ಬಾಯಿ ತೆರೆದ. ಅವಳು ಕೈಗವಸು ಎಳೆದುಕೊಂಡು ಒಳಗೆ ಹೋದಳು.

ರಕ್ತಸಂಬಂಧಿಗಳು ಶವ ಮುಟ್ಟುವ ಪದ್ಧತಿ ಇಲ್ಲ. ಜೊತೆಯಲ್ಲಿ ಹೆಣ ತೊಳೆಯುವ ಹೆಂಗಸು ಅದನ್ನು ನೆನಪಿಸಿ, ನೀವು ಹೊರಗಿರಿ, ನಾನು ನೋಡಿಕೊಳ್ಳುತ್ತೇನೆ ಅಂದಳು. ಯಾವ ಸಂಬಂಧ, ನಮ್ಮ ಸಂಬಂಧ ಕಿಟಕಿಯ ಕೆಳಗೇ ಮುಗಿಯಿತು, ಅಂತ ಫ್ರೇಹಾ ಪೆಟ್ಟಿಗೆಯ ತಿರುಪು ಬಿಚ್ಚತೊಡಗಿದಳು. ಆ ಸ್ಮಶಾನದಲ್ಲಿ ಯಾರನ್ನೂ ಪೆಟ್ಟಿಗೆಯೊಳಗೆ ಹೂಳುವುದಿಲ್ಲ. ಹೊರದೇಶದಿಂದ ಬಂದವರನ್ನು ಇಲ್ಲಿ ಹೊರಗೆ ತೆಗೆದು, ಬಟ್ಟೆಯಲ್ಲಿ ಸುತ್ತಿದ ಹಾಗೆಯೇ ಮಣ್ಣಿಗಿಡಬೇಕು. ಶವವನ್ನು ಮೊರಾಕ್ಕೋದಲ್ಲೇ ತೊಳೆದು ಉಡಿಸಿ ಕಳಿಸಿದ್ದರು. ಫ್ರೇಹಾಗೆ ಹೊರಗಿನವರ ಕೆಲಸದ ಮೇಲೆ ನಂಬಿಕೆ ಇರಲಿಲ್ಲ. ಯಾರು ಬಂದರೂ ಗಂಟು ಸಡಿಲಿಸಿ ಒಂದು ಸಲ ನೋಡಿ, ಮೂಗು ಮುರಿದು, ತಾನೇ ಮತ್ತೆ ಕಟ್ಟುವಳು. ಇವತ್ತೂ ತೋಳಿನ ಗಂಟು ಬಿಚ್ಚಿದಳು.

ಅಕ್ಕನ ಮುಖ ನೋಡಬಾರದು ಅಂತಲೇ ಮೊದಲು ಕೈಗೆ ಹೋಗಿದ್ದಳು. ಕೈ ನೋಡಿದ್ದೇ ನಿಂತುಬಿಟ್ಟಳು. ಗೋರಂಟಿ ಇಲ್ಲ, ನುಣುಪು ಇಲ್ಲ. ಬೆರಳ ಗಿಣ್ಣುಗಳು ದಪ್ಪಗೆ ಊದಿ ಸೊಟ್ಟಗಾಗಿದ್ದವು. ಅಂಗೈಯ ಚರ್ಮ ಅಲ್ಲಲ್ಲಿ ಸುಟ್ಟು ಬೆಳ್ಳಗೆ ಮಿನುಗುತ್ತಿತ್ತು. ಉಗುರಿನ ಬಿರುಕುಗಳಲ್ಲಿ, ಎಷ್ಟು ನೀರು ಹಾಕಿದರೂ ಹೋಗದ ಹಾಗೆ, ಬಿಳೀ ಸುಣ್ಣ ಗಟ್ಟಿಕಟ್ಟಿತ್ತು. ಮೂವತ್ತೆಂಟು ವರ್ಷ ಸತ್ತವರ ಕೈ ನೋಡಿದವಳು ಫ್ರೇಹಾ. ದರ್ಜಿಯ ಕೈ ಯಾವುದು, ಅಡಿಗೆಯವಳ ಕೈ ಯಾವುದು, ಸುಮ್ಮನೆ ಕೂತು ಉಂಡ ಕೈ ಯಾವುದು ಅಂತ ಕಣ್ಣುಮುಚ್ಚಿ ಹೇಳಬಲ್ಲಳು. ಇದು ದಿನವೂ ಸುಣ್ಣ ಕಲಸಿದ ಕೈ. ಅಮ್ಮನ ಮಂಡಿಗಿಂತ ಸವೆದಿತ್ತು.

ಕತ್ತಿನ ಕೆಳಗೆ ಏನೋ ಗಟ್ಟಿಯಾಗಿ ತಗುಲಿತು. ಎಳೆದಳು. ಸಕ್ಕರೆ ಗಟ್ಟಿಗೆ ಸುತ್ತುವ ನೀಲಿ ಕಾಗದದ ಪೊಟ್ಟಣ, ದಾರ ಕಟ್ಟಿದ್ದು. ಹೊರಗಿನಿಂದ ಬರುವ ಹೆಣಗಳ ತಲೆಯಡಿಯಲ್ಲಿ ಪೊಟ್ಟಣ ಇರುವುದು ಹೊಸದೇನಲ್ಲ. ಅಲ್ಲಿನವರು ಪುಣ್ಯಭೂಮಿಯ ಮಣ್ಣು ಅಂತ ಇಲ್ಲಿಂದ ತರಿಸಿಕೊಂಡು ತಲೆಯಡಿ ಇಡುತ್ತಾರೆ. ಅದನ್ನು ಮತ್ತೆ ಇಲ್ಲಿಗೇ ಹೊತ್ತು ತರುವುದು ಹೊಳೆಗೆ ನೀರು ಹೊತ್ತ ಹಾಗೆ, ಬುದ್ಧಿ ನೆಟ್ಟಗಿದ್ದರೆ ತಾನೆ ಅಂತ ಬೈದುಕೊಳ್ಳುತ್ತಾ ಫ್ರೇಹಾ ದಾರ ಬಿಚ್ಚಿದಳು.

ಇಲ್ಲಿನ ಮಣ್ಣು ಬೂದುಬಿಳುಪು, ಸುಣ್ಣಕಲ್ಲಿನ ಪುಡಿ. ಪೊಟ್ಟಣದಲ್ಲಿ ಇದ್ದದ್ದು ಕಡುಗೆಂಪು ಮಣ್ಣು, ನಡುನಡುವೆ ಸುಣ್ಣದ ಚಕ್ಕೆ. ಆ ಬಣ್ಣ ಅವಳಿಗೆ ಗೊತ್ತಿತ್ತು. ಚಿಕ್ಕಂದಿನಲ್ಲಿ ಮಳೆ ಬಂದಾಗ ಲಂಗದ ಅಂಚಿಗೆಲ್ಲ ಮೆತ್ತಿಕೊಂಡು ಅಮ್ಮನಿಂದ ಏಟು ತಿನ್ನಿಸುತ್ತಿದ್ದ ಮಣ್ಣು ಅದು.

ಪೊಟ್ಟಣ ಹಿಡಿದುಕೊಂಡೇ ಹೊರಗೆ ಬಂದು ಆರ್ಮಾನನ ಮುಂದೆ ನಿಂತಳು. ಇದೇನು ಅಂತ ಕೇಳಿದಳು.

ಅವನು ಬೆಂಚಿನ ಮೇಲೆ ಕೋಟನ್ನಿಟ್ಟು ಎದ್ದು ನಿಂತ. ಅಜ್ಜನ ಸಮಾಧಿಯ ಮಣ್ಣು, ಅಮ್ಮ ತಾನೇ ಗೀರಿ ಕಟ್ಟಿಟ್ಟದ್ದು, ತಲೆಯಡಿಗೆ ಇಡಬೇಕು ಅಂದಿದ್ದಳು ಅಂತ ಹೇಳಿದ. ಮಿಕ್ಕದ್ದು ತಡವರಿಸುತ್ತಾ ಬಂತು. ಊರು ಬಿಡುವಾಗ ಒಬ್ಬೊಬ್ಬರೂ ಅಮ್ಮನ ಹತ್ತಿರ ಬಂದು, ನಮ್ಮಮ್ಮನ ಗೋರಿ ನೋಡಿಕೋ, ನಮ್ಮ ಕೂಸಿನ ಗೋರಿ ನೋಡಿಕೋ ಅಂತ ಹೇಳಿ ಹೋದರಂತೆ. ಎಲ್ಲರಿಗೂ ಹೂಂ ಅಂದಳಂತೆ. ಮುನ್ನೂರು ಚಿಲ್ಲರೆ ಗೋರಿ. ದಿನಕ್ಕೆ ಒಂದರ ಹಾಗೆ ಸುಣ್ಣ ಬಳಿಯುತ್ತಾ ಬಂದರೆ ವರ್ಷದ ಕೊನೆಗೆ ಮೊದಲನೆಯದು ಮತ್ತೆ ಕಪ್ಪಾಗಿರುತ್ತಿತ್ತಂತೆ. ನಾನೂ ಪ್ಯಾರಿಸ್ಸಿಗೆ ಬಾ ಅಂತ ಎಷ್ಟೋ ಸಲ ಕರೆದೆ, ಬರಲಿಲ್ಲ ಅಂದ. ಅಜ್ಜನ ಪಕ್ಕದಲ್ಲೇ ಅವಳಿಗೆ ಜಾಗ ಸಿದ್ಧವಿತ್ತು, ಕಲ್ಲಿನ ಮೇಲೆ ಹೆಸರು ಕೂಡ ಕೊರೆಸಿದ್ದಳು.

“ಮತ್ತೆ ಇಲ್ಲಿಗ್ಯಾಕೆ ತಂದೆ? ಯಾರು ಹೇಳಿದ್ರು ನಿಂಗೆ?”

“ಅವಳೇ. ಪಸ್ಕಾ ಕಳೆದ ಮೇಲೆ ಮನಸ್ಸು ಬದಲಾಯಿಸಿದ್ಲು. ಅಪ್ಪನ ಹತ್ರ ಬೇಕಾದಷ್ಟು ವರ್ಷ ಇದ್ದೆ, ನನ್ನನ್ನ ಫ್ರೇಹಾ ಹತ್ರ ಕಳ್ಸು ಅಂದ್ಲು.” ಅವನು ಮೂಗೊರೆಸಿಕೊಂಡ. “ಚಿಕ್ಕಮ್ಮ ಬೇಡ ಅಂದಿದಾಳಲ್ಲ ಅಂದೆ. ಅದಕ್ಕೇ ಹೋಗ್ಬೇಕು, ಅವಳ ಕೈಲಿ ಬೈಸ್ಕೊಳ್ಳೋಕೆ ಅಲ್ಲಿ ಯಾರೂ ಇಲ್ಲ ಕಣೋ ಅಂದ್ಲು.”

ಐವತ್ತೈದು ವರ್ಷ ಫ್ರೇಹಾ ಯಾರಿಗೆ ಬೈಯುತ್ತಿದ್ದಳೋ ಆ ಹೆಂಗಸು ಎಲ್ಲೂ ಇರಲೇ ಇಲ್ಲ. ಗೋಡೆ ಬಿದ್ದಿದೆ, ಗೋರಿಗಳಿಗೆ ಸುಣ್ಣ ಆಗಬೇಕು ಅಂತ ಅಕ್ಕ ಕಾಗದದಲ್ಲೂ ಬರೆದಿದ್ದಳು, ಫೋನಿನಲ್ಲೂ ಹೇಳಿದ್ದಳು. ಕುಂಟು ನೆಪ ಅಂತ ಇವಳು ಕಿವಿಗೇ ಹಾಕಿಕೊಂಡಿರಲಿಲ್ಲ. ಅಕ್ಕತಂಗಿಯರಿಬ್ಬರೂ ಸಮುದ್ರದ ಆಚೆ ಒಬ್ಬಳು ಈಚೆ ಒಬ್ಬಳು, ಜೀವಮಾನವಿಡೀ ಸತ್ತವರ ಚಾಕರಿಯನ್ನೇ ಮಾಡಿದ್ದರು. ಪುಣ್ಯಭೂಮಿಯಲ್ಲಿ ಮಾಡಿದ್ದಕ್ಕೆ ಇವಳಿಗೆ ಕೋಡು ಮೂಡಿತ್ತು, ಅಷ್ಟೇ ವ್ಯತ್ಯಾಸ. ಥೂ ನಿನ್ನ, ಅಂತ ಅವಳು ತನಗೇ ಅಂದುಕೊಂಡಳು. ಬೇರೆಯವರಿಗೆ ಅಂದಷ್ಟು ಸಲೀಸಾಗಿ ಅದು ಬರಲಿಲ್ಲ.

ಅಷ್ಟರಲ್ಲಿ ಮಕ್ಲೂಫ್ ಪೊಟ್ಟಣದೊಳಗೆ ಇಣುಕಿ ನೋಡಿದ್ದ. ಹೊರದೇಶದ ಮಣ್ಣೆಂದರೆ ಮೈಲಿಗೆ ಅಂತ ಹಿಂದಿನವರು ಕಟ್ಟುಮಾಡಿದ್ದಾರೆ, ಅದನ್ನು ಈ ನೆಲದ ಸಮಾಧಿಗೆ ಹಾಕಲು ಬಿಡುವುದಿಲ್ಲ ಅಂದ. ಹೋದ ವರ್ಷ ಯಾರೋ ಒಬ್ಬಳ ತಲೆಯಡಿಯಿಂದ ಇಂಥದೇ ಗಂಟು ತೆಗೆದು ಕಸದ ಡಬ್ಬಿಗೆ ಎಸೆದದ್ದು ನೀವೇ ಅಲ್ಲವೇ ಅಂತ ನೆನಪಿಸಿದ. ಕೊಡಿ, ನಾನೇ ಎಸೆದು ಬರುತ್ತೇನೆ ಅಂತ ಕೈ ಚಾಚಿದ.

“ಕೈ ತೆಗಿ,” ಅಂದಳು ಫ್ರೇಹಾ. “ಹೆಣಕ್ಕಿಂತ ದೊಡ್ಡ ಮೈಲಿಗೆ ಯಾವ್ದಿದೆಯೋ? ಬೆಳಿಗ್ಗೆಯಿಂದ ಸಂಜೆ ತನಕ ಅದ್ರಲ್ಲೇ ಅನ್ನ ತಿನ್ನೋನು ನೀನು. ನಂಗೆ ಮಡಿ ಹೇಳ್ಕೊಡೋಕೆ ಬಂದ.”

ಅವನು ಕೈ ಹಿಂದಕ್ಕೆ ಎಳೆದುಕೊಂಡ. ಅವಳ ಬಾಯಿಗೆ ಅವನು ಯಾವತ್ತೂ ಹೆದರುತ್ತಿದ್ದ. ಆದರೂ ಕೆಲಸ ಕೆಲಸವೇ. ಕೆಲಸದವರು ಕಾಯುತ್ತಿದ್ದಾರೆ, ಗೋಡೆಯ ಕಾಗದಕ್ಕೆ ರುಜು ಹಾಕಿ ಅಂತ ಕಾಗದ ಸಿಕ್ಕಿಸಿದ ಹಲಗೆ ಮುಂದೆ ಹಿಡಿದ.

ಫ್ರೇಹಾ ಕಾಗದ ತೆಗೆದುಕೊಂಡು ನೋಡಿದಳು. ಮೂರನೇ ಅಂತಸ್ತು, ಹನ್ನೊಂದನೇ ಗೂಡು. ಆ ಗೂಡು ಅವಳು ನೋಡಿದ್ದೇ. ಪಕ್ಕದಲ್ಲಿ ನೀರಿನ ಕೊಳವೆ ಸೋರಿ ಗೋಡೆಗೆ ಪಾಚಿ ಹಿಡಿದಿತ್ತು. ಆಮೇಲೆ ಪೈನ್ ಮರದ ಕೆಳಗಿನ ಆರಡಿ ನೆನಪಾಯಿತು, ಮೊನ್ನೆ ಶುಕ್ರವಾರ ಕಿತ್ತ ಹುಲ್ಲಿನ ಬೇರು, ಅಲ್ಲಿ ಕೂತು ಅಮ್ಮನಿಗೆ ಹೇಳಿದ ಬೆಲೆಯೇರಿಕೆಯ ಕತೆ. ಅಲ್ಲಿ ಮಲಗಬೇಕು ಅನ್ನುವ ಒಂದೇ ಆಸೆಯ ಮೇಲೆ ಅವಳು ಮೂವತ್ತಾರು ವರ್ಷ ಕಳೆದಿದ್ದಳು. ಅದು ಬಿಟ್ಟರೆ ಅವಳ ಕೈಯಲ್ಲಿ ಏನೂ ಉಳಿಯುತ್ತಿರಲಿಲ್ಲ. ಕೊಡುವುದು ಅಷ್ಟು ಸುಲಭ ಅಂತ ಯಾರೂ ತಿಳಿಯಬೇಡಿ.

“ಅಮ್ಮನ ಪಕ್ಕ ಅಗೆಸು,” ಅಂದಳು.

“ಮತ್ತೆ ಇದು?” ಮಕ್ಲೂಫ್ ಹನ್ನೊಂದನೇ ಗೂಡಿನ ಕಾಗದ ತೋರಿಸಿದ.

“ನನ್ನ ಹೆಸರು ಬರಿ.”

ಮಕ್ಲೂಫ್ ಅವಳ ಮುಖವನ್ನೇ ನೋಡಿದ. ನೀವು ಇಷ್ಟು ವರ್ಷ ಹುಲ್ಲು ಕಿತ್ತ ಜಾಗ ಅದು ಅಕ್ಕಾ, ಇನ್ನೊಮ್ಮೆ ಯೋಚನೆ ಮಾಡಿ ಅಂದ. ಆರ್ಮಾನ್ ಮುಂದೆ ಬಂದು ಅವಳ ಕೈ ಹಿಡಿದು ಅಳಲು ಶುರುಮಾಡಿದ. ಅಳೋದಾದರೆ ಆ ಕೋಟಿನ ಮೇಲೆ ಅಳು, ಅದಾದರೂ ಸ್ವಲ್ಪ ನೆನೆಯಲಿ ಅಂತ ಅವನನ್ನು ಆಚೆ ಸರಿಸಿದಳು.

ಒಳಗೆ ಹೋಗಿ ಕೆಂಪು ಮಣ್ಣಿನ ಅರ್ಧವನ್ನು ಅಕ್ಕನ ತಲೆಯಡಿ ಹರಡಿದಳು. ಆಗ ಮುಖ ನೋಡಿದಳು. ಮುದುಕಿಯ ಮುಖ, ಯಾರದೋ ಮುಖದ ಹಾಗಿತ್ತು. ಗುರುತು ಸಿಕ್ಕಿದ್ದು ಹಣೆಯ ಮೇಲಿನ ಚಿಕ್ಕಂದಿನ ಗಾಯದ ಕಲೆಯಿಂದ. ತೊಳೆದವರು ಕೊನೆಗೆ ಸತ್ತವರ ಹೆಸರು ಹಿಡಿದು, ನಮ್ಮಿಂದ ನಿನಗೆ ಅಗೌರವವಾಗಿದ್ದರೆ ಕ್ಷಮಿಸು ಅಂತ ಕೇಳಬೇಕು. ಸಾವಿರಾರು ಸಲ ಹೇಳಿ ಹೇಳಿ ನಾಲಿಗೆಯ ತುದಿಯಲ್ಲೇ ಇದ್ದ ಆ ಮಾತು ಅವಳಿಗೆ ಬರಲಿಲ್ಲ. ಜೊತೆಯವಳು ಹೇಳಿ ಮುಗಿಸಿದಳು. ಫ್ರೇಹಾ ಗಂಟುಗಳನ್ನು ಬಿಗಿಯಾಗಿ ಕಟ್ಟಿದಳು. ಮಿಕ್ಕ ಅರ್ಧ ಮಣ್ಣನ್ನು ನೀಲಿ ಕಾಗದದಲ್ಲೇ ಮಡಿಸಿ ಮಕ್ಲೂಫನ ಕೈಗೆ ಕೊಟ್ಟಳು.

“ಇದನ್ನ ಹನ್ನೊಂದನೇ ಗೂಡಿನ ಕಾಗದದ ಜೊತೆ ಇಟ್ಕೋ. ನಾನು ಸತ್ತಾಗ ನನ್ ತಲೆ ಕೆಳಗೆ.”

ಮಕ್ಲೂಫನಿಗೆ ನಂಬಿಕೆ ಬರಲಿಲ್ಲ. ಐವತ್ತೈದು ವರ್ಷ ಈ ನೆಲ ಬಿಟ್ಟು ಒಂದು ದಿನ ಆಚೆ ಹೋಗದವರು, ನಿಮ್ಮ ತಲೆಯಡಿಗೆ ಹೊರದೇಶದ ಮಣ್ಣೇ ಅಂತ ಕೇಳಿದ.

“ಮಣ್ಣಲ್ಲ ಅದು, ನಮ್ಮಪ್ಪ,” ಅಂದಳು ಫ್ರೇಹಾ. “ಅವ್ನೂ ಇಲ್ಲಿಗೇ ಹೊರಟಿದ್ದ. ಬಸ್ಸು ತಪ್ತು.”

ಹೊರಗೆ ಅಗೆಯುವವರು ಗುಂಡಿ ಮುಗಿಸಿ ಬಂದಿದ್ದರು. ಶವವನ್ನು ಹೊರುವ ಚಟ್ಟದ ಒಂದು ಬದಿಗೆ ಆರ್ಮಾನ್ ನಿಂತ. ಹೆಂಗಸರು ಹೊರುವ ಪದ್ಧತಿ ಇಲ್ಲ, ಆದರೂ ಫ್ರೇಹಾ ಇನ್ನೊಂದು ಬದಿಗೆ ಬಗ್ಗಿದಳು. ಯಾರೂ ಬೇಡ ಅನ್ನುವ ಧೈರ್ಯ ಮಾಡಲಿಲ್ಲ. ಮಕ್ಲೂಫ್ ಮಾತ್ರ ಅವಳ ಹಿಂದೆ ಬಂದು ಮೆಲ್ಲಗೆ ಹೇಳಿದ.

“ಹೆಣವಾಗಿ ಬರೋರನ್ನ ಕಂಡ್ರೆ ನಿಮಗೆ ಆಗಲ್ಲ ಅಂತಿದ್ರಲ್ಲ ಅಕ್ಕಾ.”

“ಈಗ್ಲೂ ಆಗಲ್ಲ,” ಅಂದಳು ಫ್ರೇಹಾ. “ಭಾರ ಇದಾಳೆ ಇವ್ಳು, ಆ ಕಡೆ ಹಿಡಿ.”